ಕೊಳಗ ಯಾರ ಕೈಯಲ್ಲಿ

ಹೋದ ದೀಪಾವಳಿಗೆ ಸೊರಬದ ದೊಡ್ಡಮ್ಮನಿಗೆ ಹೊಸ ಫೋನು ಒಯ್ದಿದ್ದೆ. ಜಗಲಿಯಲ್ಲಿ ಕೂತು ಅದನ್ನು ಅಣಿಮಾಡುವಾಗ ಹೆಜ್ಜೆಹೆಜ್ಜೆಗೂ ಅದು ಒಪ್ಪಿಗೆ ಕೇಳುತ್ತಿತ್ತು. ನಾನು ಒಂದಕ್ಷರವನ್ನೂ ಓದದೆ ಒತ್ತುತ್ತಾ ಹೋದೆ. ಪಕ್ಕದಲ್ಲಿ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತಿದ್ದ ದೊಡ್ಡಮ್ಮ ಕೈ ನಿಲ್ಲಿಸಿದಳು.

"ಆಗಿಂದ ಒಪ್ಪಿದೆ ಒಪ್ಪಿದೆ ಅಂತ ಒತ್ತಾ ಇದೀಯಲ್ಲ ಮಾರಾಯಾ, ಎಂತಕ್ಕೆ ಒಪ್ಪಿದ್ದು? ಯಾರಿಗೆ ಒಪ್ಪಿದ್ದು?"

"ಎಲ್ಲರೂ ಒತ್ತೋದೇ ದೊಡ್ಡಮ್ಮ. ಇಲ್ದಿದ್ರೆ ಫೋನು ಮುಂದಕ್ಕೆ ಹೋಗಲ್ಲ."

"ಹಂಗಾದ್ರೆ ಅದು ಗೇಣಿಚೀಟಿ" ಎಂದು ಅವಳು ಮತ್ತೊಂದು ಅಡಿಕೆ ಎತ್ತಿಕೊಂಡಳು.

ಆ ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ. ಈ ಸೀಮೆಯಲ್ಲಿ ಗೇಣಿ ಅನ್ನುವುದು ಪುಸ್ತಕದ ಪದವಲ್ಲ. ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ರೈತರು ಎದ್ದು ನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಸೆರೆಯಾದರು. ಅಲ್ಲಿನ ಜಗಳಕ್ಕೆ ಕಿಡಿ ಹೊತ್ತಿಸಿದ್ದು ಭತ್ತ ಅಳೆಯುವ ಕೊಳಗ. ಗೇಣಿ ಕೊಡುವುದಿಲ್ಲವೆಂದು ಅವರು ಹೊರಟವರಲ್ಲ. ಅಳೆಯುವ ಕೊಳಗ ಒಡೆಯನದು, ಊರಿನ ಕೊಳಗಕ್ಕಿಂತ ಅದು ದೊಡ್ಡದು, ಇದು ನ್ಯಾಯವಲ್ಲ ಎಂದರು. ಉತ್ತವನು, ಬಿತ್ತಿದವನು, ಮಳೆಯಲ್ಲಿ ನೆನೆದವನು ಒಬ್ಬ. ಅಳತೆ ಮಾತ್ರ ಇನ್ನೊಬ್ಬನದು. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಉಳುವವನು ಹೊಲದೊಡೆಯನಾಗುವವರೆಗೂ ಈ ಮಾತು ಮನೆಮನೆಯಲ್ಲಿ ಬಿಸಿಯಾಗಿಯೇ ಇತ್ತು.

ಜಾಲತಾಣಗಳಲ್ಲಿ ನಾವು ಮಾಡುತ್ತಿರುವುದೂ ಇಂಥದೇ ಬೇಸಾಯ. ಬರೆಯುವವರು ನಾವು, ಮಕ್ಕಳ ಫೋಟೊ ಹಾಕುವವರು ನಾವು, ಊರಿನ ಜಾತ್ರೆ, ಮಳೆ, ಸಾವಿನ ಸುದ್ದಿ ತಂದು ಸುರಿಯುವವರು ನಾವು. ಯಾವುದು ಎಷ್ಟು ಜನರ ಕಣ್ಣಿಗೆ ಬೀಳಬೇಕೆಂದು ಅಳೆಯುವ ಕೊಳಗ ಮಾತ್ರ ಒಡೆಯನ ಕೈಯಲ್ಲಿದೆ. 2023ರ ಜುಲೈ 1ರಂದು ಇಲಾನ್ ಮಸ್ಕ್ ಟ್ವಿಟರಿನಲ್ಲಿ ಹಣ ಕೊಡದವರು ದಿನಕ್ಕೆ 600 ಪೋಸ್ಟ್ ಮಾತ್ರ ಓದಬಹುದು ಎಂದು ಘೋಷಿಸಿದರು. ಕೆಲವೇ ಗಂಟೆಗಳಲ್ಲಿ ಅದು 800 ಆಯಿತು, ಆಮೇಲೆ 1000. ಅಳತೆ ಬದಲಾಯಿಸುವ ಮುಂಚೆ ಯಾರನ್ನೂ ಕೇಳಬೇಕಿರಲಿಲ್ಲ.

ಹಾಗಾದರೆ ಬೇರೆ ಮನೆ ಹುಡುಕೋಣ ಎಂದು ಹೊರಟವರು ನಮ್ಮಲ್ಲೂ ಇದ್ದರು. ಬೆಂಗಳೂರಿನಲ್ಲಿ ಹುಟ್ಟಿದ 'ಕೂ' ಎಂಬ ಜಾಲತಾಣ 2020ರಲ್ಲಿ ಮೊದಲು ಬಾಯಿ ಬಿಟ್ಟದ್ದೇ ಕನ್ನಡದಲ್ಲಿ. ಹಿಂದಿ, ಇಂಗ್ಲಿಷ್ ಎಲ್ಲ ಆಮೇಲೆ. ಇದನ್ನು ಹಗುರವಾಗಿ ಕಾಣಬಾರದು. ನಮ್ಮ ನುಡಿ ಯಾವಾಗಲೂ ಯಂತ್ರಗಳ ಮನೆಗೆ ಹಿತ್ತಲ ಬಾಗಿಲಿಂದ ಹೋದದ್ದೇ ಹೆಚ್ಚು. ಅಲ್ಲಿ ಅದು ತಲೆಬಾಗಿಲಿಂದ ಒಳಗೆ ಬಂತು. ಇಂಗ್ಲಿಷಿನಲ್ಲಿ ಅಳುಕುತ್ತಿದ್ದ ಎಷ್ಟೋ ಜನ ಹಳದಿ ಹಕ್ಕಿಯ ಆ ಅಂಗಳದಲ್ಲಿ ಧೈರ್ಯವಾಗಿ ಮಾತಾಡಿದರು. ಸುಮಾರು 6 ಕೋಟಿ ಡೌನ್‌ಲೋಡ್ ಕಂಡ ತಾಣ ಅದು. 2024ರ ಜುಲೈ 3ರಂದು ಸ್ಥಾಪಕರಾದ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವಟ್ಕ ಅದನ್ನು ಮುಚ್ಚುತ್ತಿರುವುದಾಗಿ ತಿಳಿಸಿದರು. ದೊಡ್ಡ ಕಂಪನಿಗಳೊಂದಿಗಿನ ಮಾತುಕತೆ ಕೂಡಿಬರಲಿಲ್ಲ, ನಡೆಸುವ ಖರ್ಚು ಹೆಚ್ಚು ಎಂದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಆ ದಿನ ಒಂದು ಮಾತು ಸ್ಪಷ್ಟವಾಯಿತು: ಒಡೆಯ ನಮ್ಮ ಭಾಷೆಯವನಾದ ಮಾತ್ರಕ್ಕೆ ಗೇಣಿ ಗೇಣಿಯಾಗದೆ ಹೋಗುವುದಿಲ್ಲ.

ಜರ್ಮನಿಯ ಯೂಜೆನ್ ರೋಚ್ಕೊ 2016ರಲ್ಲಿ ಶುರುಮಾಡಿದ ಮಾಸ್ಟೊಡಾನ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಒಬ್ಬನೇ ಒಡೆಯನಿಲ್ಲ. ಯಾವ ಊರಿನವರು, ಯಾವ ಸಂಘದವರು ಬೇಕಾದರೂ ತಮ್ಮದೇ ಸರ್ವರ್ ಇಟ್ಟುಕೊಂಡು ಉಳಿದವರ ಜೊತೆ ಮಾತಾಡಬಹುದು. ಒಂದು ಸರ್ವರಿನಿಂದ ಇನ್ನೊಂದಕ್ಕೆ ಎದ್ದು ಹೋಗುವಾಗ ಹಿಂಬಾಲಿಸುವವರನ್ನು ಕರೆದುಕೊಂಡು ಹೋಗಬಹುದು. ಹಳೆಯ ಬರಹಗಳು ತಾವಾಗಿ ಹಿಂದೆ ಬರುವುದಿಲ್ಲ, ಆದರೆ ಅವುಗಳ ಪ್ರತಿ ಇಳಿಸಿಕೊಳ್ಳಬಹುದು. ನನಗೆ ಇದು ಸರಿ ಎನಿಸುತ್ತದೆ. ಹಾಗಿದ್ದೂ ನಾನು ದಿನಾ ಹೋಗುವುದು ಹಳೆಯ ತಾಣಕ್ಕೇ, ಯಾಕೆಂದರೆ ನನ್ನ ಜನ ಇರುವುದು ಅಲ್ಲಿ. ಸರಿ ಎಂದು ಗೊತ್ತಿರುವುದಕ್ಕೂ ಅಲ್ಲಿಗೆ ಕಾಲು ಹಾಕುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದು ಈ ಸಣ್ಣ ವಿಷಯದಲ್ಲೇ ನನಗೆ ಕಂಡಿದೆ.

ಷರತ್ತು ಯಾರ ಕೈ ಕಟ್ಟಬೇಕು ಎಂಬುದಕ್ಕೆ ನಮ್ಮಲ್ಲೇ ಹಳೆಯ ಮಾದರಿಯಿದೆ. ಸೊರಬದ ಸುತ್ತ ಎಲ್ಲಿ ಹೋದರೂ ಒಂದು ಶಾಸನದ ಕಲ್ಲು ಸಿಗುತ್ತದೆ. ಬಿ. ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟದಲ್ಲಿ ಈ ತಾಲೂಕಿನ ಶಾಸನಗಳಿವೆ. ದಾನಶಾಸನಗಳ ಕೊನೆಗೆ ಬರುವ ಶಾಪಾಶಯವನ್ನು ನಾವು ಗಮನಿಸಬೇಕು. ಈ ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ ಬರಲಿ ಎಂಬಂಥ ಮಾತದು. ಆ ಶಾಪ ದಾನ ಪಡೆದವನ ಮೇಲಲ್ಲ. ಮುಂದೆ ಆಳಲು ಬರುವವನ ಮೇಲೆ, ಕಿತ್ತುಕೊಳ್ಳುವ ಬಲವುಳ್ಳವನ ಮೇಲೆ. ಬಲಿಷ್ಠನ ಕೈ ಕಟ್ಟಲೆಂದೇ ಅದನ್ನು ಕಲ್ಲಿನಲ್ಲಿ ಕೊರೆಸಿದರು. ನಾವು ಓದದೆ ಒಪ್ಪುವ ಷರತ್ತುಗಳು ನಮ್ಮ ಕೈಯನ್ನಷ್ಟೇ ಕಟ್ಟುತ್ತವೆ. ಬರೆದವನು ನಾಳೆ ಅವನ್ನು ತಿದ್ದಬಹುದು ಎಂಬುದೂ ಆ ಷರತ್ತುಗಳಲ್ಲೇ ಇರುತ್ತದೆ.

ಕೊಳಗ ಯಾರ ಕೈಯಲ್ಲಿ ಎಂಬ ಪ್ರಶ್ನೆ ನಾವು ಹಿಡಿದ ಸಾಮಾನಿಗೂ ಇದೆ. ದೊಡ್ಡಮ್ಮನ ಹಳೆಯ ಫೋನು ಬ್ಯಾಟರಿ ಉಬ್ಬಿ ಸತ್ತಿತ್ತು. ಮಾಡಿದ ಕಂಪನಿಯ ಸೇವಾಕೇಂದ್ರದಲ್ಲಿ, ಇದನ್ನು ಬಿಚ್ಚುವುದಿಲ್ಲ, ಹೊಸದು ಕೊಳ್ಳಿ ಎಂದರು. ಅದರೊಳಗೆ ಅವಳು ಮೂರು ವರ್ಷದಿಂದ ತುಂಬಿಟ್ಟ ಹಾಡುಗಳಿದ್ದವು: ಮದುವೆಯ ಹಸೆಯ ಮುಂದೆ ಹೇಳುವವು, ಭೂಮಿ ಹುಣ್ಣಿಮೆಯ ಹಿಂದಿನ ರಾತ್ರಿ ಭೂಮಣ್ಣಿ ಬುಟ್ಟಿ ಇಟ್ಟುಕೊಂಡು ಹೇಳುವವು. ಬಸ್‌ಸ್ಟ್ಯಾಂಡ್ ಹತ್ತಿರದ ಸಣ್ಣ ಅಂಗಡಿಯ ಹುಡುಗ ಅದನ್ನು ಕೈಗೆ ತೆಗೆದುಕೊಂಡ. ಬಿಸಿಗಾಳಿ ಹಿಡಿದು ಅಂಟು ಸಡಿಲಿಸಿದ, ತೆಳ್ಳಗಿನ ಪ್ಲಾಸ್ಟಿಕ್ ತುಂಡನ್ನು ಅಂಚಿನಲ್ಲಿ ತೂರಿಸಿ, ಉಸಿರು ಬಿಗಿಹಿಡಿದು ಬೆನ್ನು ಬಿಡಿಸಿದ. "ಮುಂಚಿನ ಫೋನಾದ್ರೆ ಉಗುರಲ್ಲೇ ಮುಚ್ಚಳ ತೆಗೀಬಹುದಿತ್ತು ಸಾರ್" ಎಂದ. ಬೇರೆ ಬ್ಯಾಟರಿ ಕೂರಿಸಿದ ಮೇಲೆ ಪರದೆ ಬೆಳಗಿತು. 37 ಹಾಡು ಹೊರಬಂದವು.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣ ತೆರೆದಿದೆ. ಒಳ್ಳೆಯದೇ. ಆದರೆ ಹಕ್ಕು ಉಳಿದಿರುವುದು ಆ ಹುಡುಗನಂಥವರ ಬೆರಳಿನಲ್ಲಿ. ದೊಡ್ಡಮ್ಮನ ಮೆಟ್ಟುಗತ್ತಿ ಅವಳ ಅತ್ತೆಯ ಕಾಲದ್ದು. ಅಲಗು ಸವೆದಾಗ ಬೇರೆ ಹಾಕಿಸಿದ್ದಾರೆ, ಮಣೆ ಎರಡು ಸಲ ಬದಲಾಗಿದೆ. ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಹೊಸ ವಸ್ತು ಬೇಡವೆಂದು ನಾನು ಹೇಳುತ್ತಿಲ್ಲ. ಈಗ ಅವಳು ಮಗಳ ಮುಖ ನೋಡಿ ಮಾತಾಡುವುದು ಆ ಹೊಸ ಫೋನಿನಲ್ಲೇ. ಕೊಳ್ಳುವಾಗ ಕ್ಯಾಮೆರಾ ಎಷ್ಟು, ಬೆಲೆ ಎಷ್ಟು ಎಂದು ಕೇಳುವ ನಾವು, ಕೆಟ್ಟರೆ ನಮ್ಮೂರಲ್ಲಿ ಬಿಚ್ಚಲು ಬರುತ್ತದೆಯೇ ಎಂದು ಕೇಳುವುದಿಲ್ಲ. ತಾಣ ಸೇರುವಾಗ ಯಾರ‍್ಯಾರು ಇದ್ದಾರೆ ಎಂದು ನೋಡುವ ನಾವು, ನಾಳೆ ಎದ್ದು ಹೊರಟರೆ ನನ್ನದನ್ನು ಕಟ್ಟಿಕೊಂಡು ಹೋಗಲು ಬಿಡುತ್ತಾರೆಯೇ ಎಂದು ನೋಡುವುದಿಲ್ಲ.

ಆ 37 ಹಾಡುಗಳನ್ನು ಎರಡು ಪೆನ್‌ಡ್ರೈವಿಗೆ ಹಾಕಿದ್ದೇನೆ. ಒಂದು ನನ್ನ ಹತ್ತಿರ ಇದೆ, ಇನ್ನೊಂದು ದೊಡ್ಡಮ್ಮನ ಬೀರುವಿನಲ್ಲಿ, ಗದ್ದೆಯ ಪಹಣಿಯ ಜೊತೆ. ನಿಮ್ಮ ಮನೆಯ ಹಿರಿಯರ ದನಿ ಯಾವ ಫೋನಿನಲ್ಲಿ, ಯಾವ ತಾಣದಲ್ಲಿ ಇದೆಯೋ ಹುಡುಕಿ, ಈ ವಾರವೇ ಒಂದು ಪ್ರತಿ ಇಳಿಸಿಟ್ಟುಕೊಳ್ಳಿ.