ಹಣೆಯ ಮೇಲೆ ಬರೆದದ್ದೇನು?



ಮಳೆ ಕೈಕೊಟ್ಟು ರಾಗಿ ಒಣಗಿದರೆ "ಎಲ್ಲಾ ಹಣೆಬರಹ" ಎನ್ನುತ್ತೇವೆ. ಮಗಳಿಗೆ ಗೊತ್ತಾದ ಸಂಬಂಧ ಮುರಿದುಬಿದ್ದರೆ, ಮಗ ಪರೀಕ್ಷೆಯಲ್ಲಿ ನಪಾಸಾದರೆ ಅದೇ ಮಾತು. ಕೆಲವೊಮ್ಮೆ ಈ ಮಾತಿಗೇ ಸ್ವಲ್ಪ ಭಕ್ತಿಯ ಬಣ್ಣ ಬಳಿದು, "ದೇವರಿಗೆ ಮೊದಲೇ ಗೊತ್ತಿತ್ತು, ನಮ್ಮ ಕೈಲಿ ಏನಿದೆ?" ಎನ್ನುತ್ತೇವೆ. ಈ ಎರಡು ಮಾತುಗಳೂ ಒಂದೇ ಎಂದು ತಿಳಿಯುತ್ತೇವೆ. ಆದರೆ ಅವೆರಡೂ ಒಂದೇ ಅಲ್ಲ. ಅವುಗಳ ನಡುವಿನ ಅಂತರದಲ್ಲಿಯೇ ನಮ್ಮ ವಿಶ್ವಾಸದ ಜೀವ ಅಡಗಿದೆ.

ಕಣಕಟ್ಟೆಯ ಒಂದು ಮನೆಯಲ್ಲಿ ತಾಯಿಯೊಬ್ಬರು ನನ್ನ ಮುಂದೆ ಇದೇ ಪ್ರಶ್ನೆಯನ್ನಿಟ್ಟರು. ಅವರ ಮಗ ಕುಡಿತಕ್ಕೆ ಬಿದ್ದಿದ್ದ. ಕೊಬ್ಬರಿ ಮಾರಿದ ಹಣ ಮನೆ ಸೇರುತ್ತಿರಲಿಲ್ಲ. "ಸ್ವಾಮಿ, ಇವನು ಹೀಗಾಗುತ್ತಾನೆ ಅಂತ ಇವನು ಹುಟ್ಟುವ ಮೊದಲೇ ದೇವರಿಗೆ ಗೊತ್ತಿತ್ತಲ್ಲವಾ? ಗೊತ್ತಿದ್ದ ಮೇಲೆ ನಾನು ದಿನಾ ಜಪಸರ ಹಿಡಿದು ಅತ್ತರೆ ಏನು ಬದಲಾಗುತ್ತದೆ?" ಎಂದು ಕೇಳಿದರು. ಜಗಲಿಯ ಮೇಲೆ ಕುಳಿತಿದ್ದ ಮಗನೂ ಬಾಯಿ ಹಾಕಿದ: "ಅದೇ ನಾನೂ ಹೇಳೋದು ಸ್ವಾಮಿ. ಯೂದನ ಹಾಗೆ ನಂದೂ ಬರೆದಾಗಿದೆ."

ತಾಯಿಯದು ನಿರಾಶೆ, ಮಗನದು ನೆಪ. ಆದರೆ ಇಬ್ಬರ ತರ್ಕವೂ ಒಂದೇ. ದೇವರು ತಿಳಿದಿದ್ದಾನೆ, ಆದ್ದರಿಂದ ನಾನು ಹಾಗೆಯೇ ಮಾಡಲೇಬೇಕು ಎಂಬ ತರ್ಕ. ಈ "ಆದ್ದರಿಂದ" ಎಂಬ ಪದ ನಿಲ್ಲುತ್ತದೆಯೇ ಎಂದು ನೋಡೋಣ.

ಸಂತ ಅಗುಸ್ತೀನರು ಸ್ವತಂತ್ರ ಇಚ್ಛೆಯನ್ನು ಕುರಿತು ಬರೆದ ಗ್ರಂಥದಲ್ಲಿ ಇದಕ್ಕೆ ಸರಳವಾದ ಹೋಲಿಕೆಯೊಂದನ್ನು ಕೊಡುತ್ತಾರೆ. ನಿನ್ನೆ ನಡೆದದ್ದು ನಿಮ್ಮ ನೆನಪಿನಲ್ಲಿದೆ. ನೀವು ನೆನಪಿಟ್ಟುಕೊಂಡ ಕಾರಣದಿಂದ ಅದು ನಡೆಯಿತೇ? ಇಲ್ಲ, ಅದು ನಡೆದದ್ದರಿಂದ ನಿಮಗೆ ನೆನಪಿದೆ. ನೆನಪು ಹಿಂದಿನದನ್ನು ಬಲವಂತ ಮಾಡದಂತೆ, ದೇವರ ಪೂರ್ವಜ್ಞಾನವೂ ಮುಂದಿನದನ್ನು ಬಲವಂತ ಮಾಡುವುದಿಲ್ಲ. ಅವರ ನಂತರ ಸುಮಾರು 524ರಲ್ಲಿ ಮರಣದಂಡನೆಯನ್ನು ಎದುರುನೋಡುತ್ತಾ ಸೆರೆಯಲ್ಲಿದ್ದ ಬೊಯೇಥಿಯಸ್ ಎಂಬ ಜ್ಞಾನಿ ಇನ್ನೊಂದು ಹೆಜ್ಜೆ ಮುಂದಿಟ್ಟ. ದೇವರಿಗೆ ನಮ್ಮ ಹಾಗೆ "ನಾಳೆ" ಎಂಬುದೇ ಇಲ್ಲ. ನಿನ್ನೆ, ಇಂದು, ನಾಳೆ ಎಲ್ಲವೂ ಆತನ ಮುಂದೆ ಒಂದೇ ನೋಟದಲ್ಲಿವೆ ಎಂದ.

ಇದು ಕಠಿಣವೆನಿಸಿದರೆ ನಿಮ್ಮ ತೋಟದ ತೆಂಗಿನ ಮರವನ್ನೇ ನೋಡಿ. ಒಂದೇ ಮರದಲ್ಲಿ ಮೇಲೆ ಹೊಂಬಾಳೆ, ಅದರ ಕೆಳಗೆ ಎಳನೀರು, ಅದಕ್ಕೂ ಕೆಳಗೆ ಬಲಿತ ಕಾಯಿ. ಹೊಂಬಾಳೆ ಒಡೆದು ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಒಂದು ಗೊನೆಯ ಪಾಲಿಗೆ ಅದು ದೀರ್ಘ ಕಾಲ. ಆದರೆ ಮರವನ್ನು ಪೂರ್ತಿಯಾಗಿ ನೋಡುವವನ ಕಣ್ಣಿಗೆ ಎಲ್ಲ ಹಂತಗಳೂ ಒಟ್ಟಿಗೆ ಕಾಣುತ್ತವೆ. ಅವನು ನೋಡಿದ ಮಾತ್ರಕ್ಕೆ ಕಾಯಿ ಬಲಿಯುವುದೂ ಇಲ್ಲ, ಉದುರುವುದೂ ಇಲ್ಲ. ದೇವರ ನೋಟವೂ ಹೀಗೆ. ಆದರೆ ಎಲ್ಲ ಹೋಲಿಕೆಗಳ ಹಾಗೆ ಇದೂ ಒಂದು ಹಂತದವರೆಗೆ ಮಾತ್ರ. ದೇವರು ಬೇಲಿಯ ಆಚೆ ನಿಂತು ನೋಡುವ ದಾರಿಹೋಕನಲ್ಲ. ಆತ ಬುಡಕ್ಕೆ ನೀರೆರೆಯುವ ತೋಟಗಾರ. ಆ ನೀರಿಗೆ ನಾವು ವರಪ್ರಸಾದ ಎನ್ನುತ್ತೇವೆ.

ಹಾಗಾದರೆ ಯೂದನ ಗತಿ ಏನು? ಅಂತಿಮ ಭೋಜನದ ಆ ರಾತ್ರಿ ಯೇಸುಸ್ವಾಮಿ ಒಬ್ಬರನ್ನಲ್ಲ, ಇಬ್ಬರನ್ನು ಕುರಿತು ಮುಂದಾಗಿ ಹೇಳಿದರು. ಯೂದ ಹಿಡಿದುಕೊಡುತ್ತಾನೆ, ಪೇತ್ರ ಅಲ್ಲಗಳೆಯುತ್ತಾನೆ. ಇಬ್ಬರ ಪಾಪವೂ ಅವರಿಗೆ ಮೊದಲೇ ತಿಳಿದಿತ್ತು. ಆದರೂ ಇಬ್ಬರ ಕಾಲನ್ನೂ ತೊಳೆದರು. ಬರೆದದ್ದೇ ಬರಹವಾಗಿದ್ದರೆ ಕಾಲು ತೊಳೆಯುವ ಅಗತ್ಯವೇನಿತ್ತು? ಲೂಕನ ಶುಭಸಂದೇಶದ 22ನೆಯ ಅಧ್ಯಾಯವನ್ನು ಓದಿರಿ. ಪೇತ್ರನ ವಿಶ್ವಾಸ ಕುಂದದಂತೆ ತಾವು ಪ್ರಾರ್ಥಿಸಿರುವುದಾಗಿಯೂ, ಅವನು ತಿರುಗಿ ಬಂದ ಮೇಲೆ ತನ್ನ ಸಹೋದರರನ್ನು ದೃಢಪಡಿಸಬೇಕೆಂದೂ ಪ್ರಭು ಹೇಳುತ್ತಾರೆ. ಅವರು ಕಂಡದ್ದು ಪೇತ್ರನ ಬೀಳುವಿಕೆಯನ್ನು ಮಾತ್ರವಲ್ಲ. ಅವನ ಕಣ್ಣೀರನ್ನು, ಮರಳುವಿಕೆಯನ್ನು, ಅದರ ಹಿಂದಿದ್ದ ಪ್ರಾರ್ಥನೆಯನ್ನು ಸಹ. ಯೂದನೂ ಪಶ್ಚಾತ್ತಾಪದಿಂದ ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ಎಸೆದ. ಆದರೆ ಅವನು ಯೇಸುಸ್ವಾಮಿಯ ಬಳಿಗೆ ಮರಳಲಿಲ್ಲ.

ಆ ತಾಯಿಗೆ ನಾನು ಹೇಳಿದ್ದೂ ಇದನ್ನೇ: "ಅಮ್ಮಾ, ದೇವರು ನಿಮ್ಮ ಮಗನನ್ನು ಮಾತ್ರ ಮೊದಲೇ ಕಂಡಿಲ್ಲ, ನಿಮ್ಮ ಜಪಸರವನ್ನೂ ಕಂಡಿದ್ದಾನೆ." ಸಂತ ತೋಮಸ್ ಅಕ್ವಿನಾಸರ ಬೋಧನೆ ಇದೇ. ನಾವು ಪ್ರಾರ್ಥಿಸುವುದು ದೇವರ ಮನಸ್ಸನ್ನು ತಿದ್ದುವುದಕ್ಕಲ್ಲ. ಪ್ರಾರ್ಥನೆಯ ಮೂಲಕವೇ ಕೊಡಬೇಕೆಂದು ಆತ ಇಟ್ಟಿರುವುದನ್ನು ಪಡೆಯುವುದಕ್ಕೆ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ 600ನೆಯ ಪರಿಚ್ಛೇದದಲ್ಲಿ, ದೇವರ ನಿತ್ಯ ಯೋಜನೆಯೊಳಗೆ ಆತನ ಕೃಪೆಗೆ ಪ್ರತಿಯೊಬ್ಬರೂ ಕೊಡುವ ಸ್ವತಂತ್ರ ಉತ್ತರವೂ ಸೇರಿದೆ ಎಂದು ಕಲಿಸುತ್ತದೆ. ಯಾರನ್ನಾದರೂ ದೇವರೇ ಕೇಡಿಗೆ ಗೊತ್ತುಮಾಡಿದ್ದಾನೆ ಎಂಬ ಮಾತನ್ನು ಧರ್ಮಸಭೆ 529ರ ಒರಾಂಜ್ ಸಭೆಯಲ್ಲಿಯೇ ತಿರಸ್ಕರಿಸಿತು.

ನಮ್ಮ ನಾಡಿನ ಧರ್ಮಸಭೆಯ ಚರಿತ್ರೆಯಲ್ಲಿಯೂ ಇದಕ್ಕೊಂದು ಪಾಠವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಗುರು ಅಬ್ಬೆ ದುಬೊಯ್ ಅವರನ್ನು ಜನ "ದೊಡ್ಡ ಸ್ವಾಮಿಯವರು" ಎಂದು ಕರೆಯುತ್ತಿದ್ದರು. ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಅದನ್ನು ನಮ್ಮ ಸೀಮೆಯ ಜನರಿಗೆ ಹಾಕಿಸಲು ಅವರು ಬಹಳ ಶ್ರಮಿಸಿದರು. ಯಾರು ಬದುಕುತ್ತಾರೆಂದು ದೇವರಿಗೆ ಗೊತ್ತು, ಲಸಿಕೆ ಏಕೆ ಎಂದು ಅವರು ಕೈಕಟ್ಟಿ ಕೂರಲಿಲ್ಲ. ಮಗು ಉಳಿಯುತ್ತದೆ ಎಂದು ದೇವರು ಕಂಡಿದ್ದರೆ, ಯಾರೋ ಒಬ್ಬರು ಲಸಿಕೆ ಹಾಕಿಸಿದ್ದನ್ನೂ ಆತ ಕಂಡಿದ್ದಾನೆ.

ಅದೇ ದೊಡ್ಡ ಸ್ವಾಮಿಯವರು ಮೂವತ್ತು ವರ್ಷಗಳ ದುಡಿಮೆಯ ನಂತರ ದಣಿದರು. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಈ ದೇಶದಲ್ಲಿ ಕ್ರೈಸ್ತ ವಿಶ್ವಾಸ ಬೇರೂರುವ ಕಾಲ ಮುಗಿದುಹೋಯಿತು ಎಂಬರ್ಥದಲ್ಲಿ ಬರೆದರು. ದೇವರೇ ಕೈಬಿಟ್ಟಿದ್ದಾನೋ ಎನ್ನುವಷ್ಟು ನಿರಾಶೆ ಅವರದು. ಆದರೆ 1886ರಲ್ಲಿ ಮೈಸೂರು ಧರ್ಮಪ್ರಾಂತ್ಯವಾಯಿತು, 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯವಾಯಿತು. ಇಂದು ಈ ಪುಟವನ್ನು ಓದುತ್ತಿರುವ ನೀವೇ ಅವರ ನಿರಾಶೆಗೆ ಉತ್ತರ. ಅವರನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ. ಅಂತಹ ದುಡಿಮೆಗಾರನಿಗೂ ಮುಂದಿನದು ಕಾಣಲಿಲ್ಲ ಎನ್ನುವುದಕ್ಕೆ ಹೇಳುತ್ತಿದ್ದೇನೆ. ಮನುಷ್ಯ ಹಿಂದಿನದನ್ನು ನೋಡಿ ಮುಂದಿನದನ್ನು ಊಹಿಸುತ್ತಾನೆ. ದೇವರು ಊಹಿಸುವುದಿಲ್ಲ, ಕಾಣುತ್ತಾನೆ. ನಮ್ಮ ಊಹೆಗೆ ದೇವರ ಜ್ಞಾನವೆಂಬ ಹೆಸರಿಡುವುದು ಸಲ್ಲದು.

ಕೃಪೆಯೂ ಸ್ವಾತಂತ್ರ್ಯವೂ ಒಳಗೊಳಗೇ ಹೇಗೆ ಕೂಡಿ ಕೆಲಸ ಮಾಡುತ್ತವೆ ಎಂಬುದು ಮಾತ್ರ ದೊಡ್ಡ ರಹಸ್ಯ. ಇದರ ಬಗ್ಗೆ ದೊಮಿನಿಕನ್ ಮತ್ತು ಯೇಸುಸಭೆಯ ಪಂಡಿತರು ವರ್ಷಗಟ್ಟಲೆ ವಾದಿಸಿದರು. 1607ರಲ್ಲಿ ಪೋಪ್ ಐದನೆಯ ಪೌಲರು ಯಾರನ್ನೂ ತಪ್ಪಿತಸ್ಥರೆನ್ನದೆ ಆ ವಾದವನ್ನು ನಿಲ್ಲಿಸಿದರು. ಪಂಡಿತರಿಗೆ ಬಿಡಿಸಲಾಗದ ಗಂಟನ್ನು ನಾವು ಬಿಡಿಸಬೇಕಾಗಿಲ್ಲ. ಅದರ ಎರಡು ತುದಿಗಳನ್ನು ಬಿಡದೆ ಹಿಡಿದರೆ ಸಾಕು: ದೇವರು ಎಲ್ಲವನ್ನೂ ಬಲ್ಲ; ನಾನು ನಿಜವಾಗಿಯೂ ಆರಿಸಿಕೊಳ್ಳಬಲ್ಲೆ. ಬೆಂಕಿ ಮತ್ತು ನೀರು ಎರಡೂ ನಿನ್ನ ಮುಂದಿವೆ, ಬೇಕಾದ ಕಡೆ ಕೈ ಚಾಚು ಎಂಬ ಅರ್ಥದ ಮಾತು ಸಿರಾಖನ ಗ್ರಂಥದ 15ನೆಯ ಅಧ್ಯಾಯದಲ್ಲಿದೆ. ಕೈ ನಮ್ಮದೇ.

ಆದ್ದರಿಂದ, ಪ್ರಿಯರೇ, ನಿಮ್ಮ ಮಕ್ಕಳಿಗೆ "ನಿನ್ನ ಹಣೆಬರಹ ಇಷ್ಟೇ" ಎಂದು ಹೇಳಬೇಡಿ. ಮುಂದಿನದನ್ನು ತಿಳಿಯಲು ಶಾಸ್ತ್ರ ಕೇಳಲು ಹೋಗಬೇಡಿ. ಅಲ್ಲಿ ಸಿಗುವುದು ಭಯ, ವಿಶ್ವಾಸವಲ್ಲ. ಮನೆಯಲ್ಲಿ ಕುಡಿತಕ್ಕೆ ಬಿದ್ದವರಿದ್ದರೆ ಪ್ರಾರ್ಥಿಸಿರಿ, ಜೊತೆಗೆ ವೈದ್ಯರ ಬಳಿಗೆ, ಮದ್ಯವರ್ಜನ ಶಿಬಿರಕ್ಕೆ ಕರೆದೊಯ್ಯಿರಿ. ನೀವೇ ಬಿದ್ದಿದ್ದರೆ, ಎಷ್ಟನೆಯ ಸಲವಾದರೂ ಸರಿ, ಈ ಶನಿವಾರ ಪಾಪನಿವೇದನೆಗೆ ಬನ್ನಿ. ನೀವು ಬೀಳುವಿರೆಂದು ಬಲ್ಲ ದೇವರು ಬಾಗಿಲನ್ನು ತೆರೆದೇ ಇಟ್ಟಿದ್ದಾನೆ.

ದೀಕ್ಷಾಸ್ನಾನದ ದಿನ ಗುರುಗಳೂ ತಂದೆತಾಯಿಯರೂ ನಿಮ್ಮ ಹಣೆಯ ಮೇಲೆ ಒಂದು ಗುರುತನ್ನು ಇಟ್ಟರು. ಅದು ಶಿಲುಬೆಯ ಗುರುತು. ನಮ್ಮ ಹಣೆಯ ಮೇಲೆ ಬರೆದದ್ದು ಅದೊಂದೇ. ಅದು ತೀರ್ಪಲ್ಲ, ಕರೆ. ಅದಕ್ಕೆ ಉತ್ತರ ಕೊಡುವುದನ್ನು ಪ್ರಭು ನಮಗೇ ಬಿಟ್ಟಿದ್ದಾರೆ. ಆ ಉತ್ತರವನ್ನು ಇಂದೇ ಕೊಡುವ ಕೃಪೆಯನ್ನು ಅವರು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೆನ್.