ನೋವಿಗೆ ಸಾಕ್ಷಿ ಯಾರು?

ವಿರಾರ್‌ನಿಂದ ಚರ್ಚ್‌ಗೇಟ್‌ಗೆ ಹೋಗುವ ಮುಂಬೈ ಲೋಕಲ್ ರೈಲಿನಲ್ಲಿ ಶೌಚಾಲಯವಿಲ್ಲ. ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಎಂಬ ಕರುಳಿನ ತೊಂದರೆ ಇರುವವರಿಗೆ ಆ ಸುಮಾರು ಒಂದೂವರೆ ಗಂಟೆ ಭಯದ್ದೇ. ಸ್ಕ್ಯಾನ್, ಕೊಲೊನೋಸ್ಕೋಪಿ ಎಲ್ಲ ಸರಿಯಿದ್ದರೆ ಮನೆಯವರು ‘ಬರೀ ಮನಸ್ಸಿನದು’ ಎಂದುಬಿಡುತ್ತಾರೆ. ಕಣ್ಣಿಗೆ ಕಾಣದ ನೋವು ಸುಳ್ಳೇ?

ದೇಹದ ಸೆರೊಟೋನಿನ್ ಎಂಬ ಸಂದೇಶವಾಹಕ ರಾಸಾಯನಿಕದಲ್ಲಿ ಶೇ. 90ರಷ್ಟು ತಯಾರಾಗುವುದು ಮಿದುಳಿನಲ್ಲಲ್ಲ, ಕರುಳಿನಲ್ಲಿ. ಕರುಳಿನ ಚಲನೆಗೂ ಅಲ್ಲಿಂದ ಮಿದುಳಿಗೆ ಹೋಗುವ ಸಂದೇಶಕ್ಕೂ ಅದು ಬೇಕು. ಜಿಡ್ಡಿನ ಊಟವಾದಾಗ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ಸ್ರವಿಸುತ್ತದೆ. ದೊಡ್ಡ ಕರುಳಿನ ಸೆಳೆತ ಹೆಚ್ಚಲು ಅದೂ ಒಂದು ಕಾರಣ. ಆದರೆ ಸೆಳೆತವೊಂದರಿಂದಲೇ ನೋವನ್ನು ವಿವರಿಸಲಾಗದು. 1973ರಲ್ಲಿ ಸಂಶೋಧಕ ಜೇಮ್ಸ್ ರಿಚಿ ಕರುಳಿನೊಳಗೆ ಬಲೂನು ಉಬ್ಬಿಸಿ ನೋಡಿದರು. ಉಳಿದ ಬಹುತೇಕರಿಗೆ ನೋಯದಷ್ಟು ಉಬ್ಬರಕ್ಕೇ ಐಬಿಎಸ್ ರೋಗಿಗಳಲ್ಲಿ ಅನೇಕರು ನೊಂದರು.

ದೇಹಕ್ಕೂ ಮನಸ್ಸಿಗೂ ನಂಟಿದೆ ಎಂಬುದು ಹೊಸ ಮಾತಲ್ಲ. ತೈತ್ತಿರೀಯ ಉಪನಿಷತ್ತು ಅನ್ನಮಯ (ದೇಹ), ಪ್ರಾಣಮಯ (ಉಸಿರು), ಮನೋಮಯ (ಮನಸ್ಸು) ನೆಲೆಗಳನ್ನು ಒಂದರೊಳಗೊಂದಾಗಿ ಕಂಡಿತು. ಗೊರಾಯಿಯ ವಿಪಶ್ಯನಾ ಪಗೋಡದಲ್ಲಿ ಕೂತವರೂ ವೇದನೆಯನ್ನು ಅಲ್ಲಗಳೆಯುವುದಿಲ್ಲ, ಗಮನಿಸುತ್ತಾರೆ. ಹಾಗಾಗಿ ಮನಸ್ಸಿನ ಚಿಕಿತ್ಸೆಯಿಂದ ಹೊಟ್ಟೆನೋವು ಇಳಿಯಿತೆಂದರೆ ಅದು ಮೊದಲೇ ಸುಳ್ಳಾಗಿತ್ತು ಎಂದಲ್ಲ.

ವರದಿ ಸರಿಯಿದೆಯೆಂದು ಮನೆಯವರ ನೋವನ್ನು ದಯವಿಟ್ಟು ತಳ್ಳಿಹಾಕಬೇಡಿ. ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ತಡಮಾಡದೆ ಮತ್ತೆ ವೈದ್ಯರಿಗೆ ತೋರಿಸಿ.