ಜೀವರಕ್ಷೆಯೋ, ದಯಾಮರಣವೋ?

ಕೊಲ್ಲಬಾರದೆಂಬುದು ಅಹಿಂಸಾವ್ರತವನ್ನು ಅಂಗೀಕರಿಸಿದವನಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಆದರೆ ಬದುಕಿಸುವ ಪ್ರಯತ್ನವೇ ಹಿಂಸೆಯಂತೆ ತೋರತೊಡಗಿದಾಗ ಅವನ ವಿವೇಕಕ್ಕೆ ನಿಜವಾದ ಪರೀಕ್ಷೆ ಒದಗುತ್ತದೆ. ಸಮುದ್ರದಲ್ಲಿ ಹಡಗು ಒಡೆದು ತೈಲ ಹರಡಿದಾಗಲೆಲ್ಲ ಇಂಥ ಪರೀಕ್ಷೆ ದಡಕ್ಕೆ ಬಂದು ಬೀಳುತ್ತದೆ. ಮೈಯೆಲ್ಲ ಕಪ್ಪು ಜಿಡ್ಡು ಮೆತ್ತಿಕೊಂಡು, ರೆಕ್ಕೆ ಬಿಚ್ಚಲಾರದೆ, ನಡುಗುತ್ತ ಮರಳಿನ ಮೇಲೆ ಕುಳಿತ ಹಕ್ಕಿಯನ್ನು ಎತ್ತಿ ತೊಳೆದು ಬದುಕಿಸಲು ಯತ್ನಿಸಬೇಕೇ? ಅಥವಾ ಅದು ಹೇಗೂ ಉಳಿಯದೆಂದು ಬಗೆದು, ಸೂಜಿಮದ್ದಿನಿಂದ ಅದರ ನೋವನ್ನು ಅಲ್ಲಿಗೇ ಮುಗಿಸಬೇಕೇ?

ತೈಲವು ಹಕ್ಕಿಯನ್ನು ಕೊಲ್ಲುವ ಬಗೆಯನ್ನು ಮೊದಲು ತಿಳಿಯಬೇಕು. ಕಡಲಹಕ್ಕಿಯ ಗರಿಗಳು ಒಂದಕ್ಕೊಂದು ಹೆಣೆದುಕೊಂಡು ನೀರನ್ನು ಹೊರಗಿಡುತ್ತವೆ, ಒಳಗೆ ಗಾಳಿಯನ್ನು ಹಿಡಿದಿಡುತ್ತವೆ. ಆ ಗಾಳಿಯೇ ಅದಕ್ಕೆ ಕಂಬಳಿ, ಆ ಗಾಳಿಯೇ ದೋಣಿ. ಜಿಡ್ಡು ತಾಗಿದೊಡನೆ ಈ ಹೆಣಿಗೆ ಬಿಚ್ಚಿಹೋಗಿ ತಣ್ಣೀರು ಚರ್ಮವನ್ನು ಮುಟ್ಟುತ್ತದೆ. ಹಕ್ಕಿ ತನ್ನ ಸ್ವಭಾವದಂತೆ ಕೊಕ್ಕಿನಿಂದ ಗರಿಗಳನ್ನು ತಿದ್ದಿಕೊಳ್ಳಲು ಹೋಗಿ ತೈಲವನ್ನು ನುಂಗುತ್ತದೆ. ಕರುಳು, ಯಕೃತ್ತು, ಮೂತ್ರಪಿಂಡ, ರಕ್ತಕಣಗಳು ಕೆಡುತ್ತವೆ. ಹೀಗೆ ಚಳಿ, ಹಸಿವು, ವಿಷ ಮೂರೂ ಒಟ್ಟಾಗಿ ಅದನ್ನು ಮುತ್ತುತ್ತವೆ. ಇದರ ಮೇಲೆ, ಕಾಡುಜೀವಿಗೆ ಮನುಷ್ಯನ ಕೈ ಎಂದರೆ ಬೇಟೆಗಾರನ ಕೈಯೇ. ರಕ್ಷಿಸಲು ಬಂದವನ ಸ್ಪರ್ಶದಿಂದ ಹುಟ್ಟುವ ಭಯವೂ ಅದರ ಪ್ರಾಣಕ್ಕೆ ಎರವಾಗಬಲ್ಲದು.

ರಕ್ಷಣಾಕಾರ್ಯವನ್ನು ಸಂಶಯದಿಂದ ನೋಡುವವರಿಗೆ ಬಲವಾದ ಆಧಾರಗಳಿವೆ. 1989ರ ಮಾರ್ಚ್ 24ರಂದು ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ‘ಎಕ್ಸಾನ್ ವಾಲ್ಡೆಜ್’ ಹಡಗು ಬಂಡೆಗೆ ತಾಗಿ ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಹರಿಯಿತು. ಎರಡೂವರೆ ಲಕ್ಷದಷ್ಟು ಕಡಲಹಕ್ಕಿಗಳು ಸತ್ತಿರಬೇಕೆಂದು ಅಂದಾಜು. ಅಲ್ಲಿ ಹಿಡಿದು ತಂದ 357 ಕಡಲ ನೀರುನಾಯಿಗಳಲ್ಲಿ 123 ಆರೈಕೆಯಲ್ಲಿರುವಾಗಲೇ ಸತ್ತವು. 197ನ್ನು ಮರಳಿ ಕಡಲಿಗೆ ಬಿಡಲಾಯಿತು. ರೇಡಿಯೋ ಉಪಕರಣ ಅಳವಡಿಸಿ ಬಿಟ್ಟವುಗಳಲ್ಲಿ ಅನೇಕವು ಮರುವರ್ಷದೊಳಗೆ ಸತ್ತವು ಇಲ್ಲವೆ ಕಾಣೆಯಾದವು. ಬದುಕಿ ಉಳಿದ ಒಂದೊಂದು ಪ್ರಾಣಿಗೆ ತಗಲಿದ ವೆಚ್ಚ 80,000 ಡಾಲರಿಗೂ ಮಿಕ್ಕಿತ್ತು. ಕ್ಯಾಲಿಫೋರ್ನಿಯಾದಲ್ಲಿ ತೊಳೆದು ಬಿಟ್ಟ ಕಂದು ಹೆಜ್ಜಾರ್ಲೆಗಳನ್ನು ಕುರಿತು 1996ರಲ್ಲಿ ಪ್ರಕಟವಾದ ಅಧ್ಯಯನವು, ಅವುಗಳಲ್ಲಿ ಹೆಚ್ಚಿನವು ಎರಡು ವರ್ಷಗಳೊಳಗೆ ಇಲ್ಲವಾದುದನ್ನು ತೋರಿಸಿತು. ಇಂಥ ಫಲಿತಾಂಶಗಳ ಬಲದ ಮೇಲೆಯೇ 2010ರಲ್ಲಿ, ಮೆಕ್ಸಿಕೋ ಕೊಲ್ಲಿಯ ತೈಲ ದುರಂತದ ಸಮಯದಲ್ಲಿ, ಜರ್ಮನಿಯ ಜೀವಶಾಸ್ತ್ರಜ್ಞೆ ಸಿಲ್ವಿಯಾ ಗೌಸ್ ಅವರು ತೈಲ ಮೆತ್ತಿದ ಹಕ್ಕಿಗಳನ್ನು ತೊಳೆಯುವುದಕ್ಕಿಂತ ನೋವಿಲ್ಲದೆ ಕೊಲ್ಲುವುದೇ ಮೇಲೆಂದು ಹೇಳಿದರು. ಅವರ ಮಾತನ್ನು ಕ್ರೌರ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದರ ಹಿಂದೆ ಇದ್ದುದು ವ್ಯರ್ಥ ಯಾತನೆ ಬೇಡವೆಂಬ ಕಾಳಜಿಯೇ.

ಆದರೆ ಇನ್ನೊಂದು ಕಡಲಿನ ಕಥೆ ಬೇರೆಯೇ ಆಗಿದೆ. 2000ದ ಜೂನ್ 23ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನ್ ಬಳಿ, ರಾಬೆನ್ ಮತ್ತು ಡಾಸೆನ್ ದ್ವೀಪಗಳ ನಡುವೆ, ಕಬ್ಬಿಣದ ಅದಿರು ಹೊತ್ತ ‘ಟ್ರೆಷರ್’ ಎಂಬ ಹಡಗು ಮುಳುಗಿತು. ಅದರ ಇಂಧನತೈಲ ಮೆತ್ತಿದ ಸುಮಾರು 19,000 ಆಫ್ರಿಕನ್ ಪೆಂಗ್ವಿನ್‌ಗಳನ್ನು ಒಟ್ಟುಗೂಡಿಸಲಾಯಿತು. 1968ರಲ್ಲಿ ಸ್ಥಾಪಿತವಾಗಿ ಇದೇ ಕಾರ್ಯದಲ್ಲಿ ಪಳಗಿದ್ದ ‘ಸ್ಯಾಂಕಾಬ್’ ಸಂಸ್ಥೆ ಮುಂದೆ ನಿಂತಿತು. ಸಾವಿರಾರು ಸ್ವಯಂಸೇವಕರು ಹಗಲಿರುಳು ದುಡಿದರು. ಹತ್ತರಲ್ಲಿ ಸುಮಾರು ಒಂಬತ್ತು ಹಕ್ಕಿಗಳು ಗುಣವಾಗಿ ಕಡಲಿಗೆ ಮರಳಿದವು. ಅವುಗಳಲ್ಲಿ ಅನೇಕವು ಮುಂದೆ ಮೊಟ್ಟೆಯಿಟ್ಟು ಮರಿ ಸಾಕಿದುದೂ ಕಂಡುಬಂದಿತು. ಗಟ್ಟಿಮುಟ್ಟಾದ ಪೆಂಗ್ವಿನ್‌ಗೆ ಫಲಿಸಿದ ಚಿಕಿತ್ಸೆ ಸೂಕ್ಷ್ಮ ಪ್ರಕೃತಿಯ ಬೇರೆ ಹಕ್ಕಿಗೆ ಫಲಿಸದಿರಬಹುದು. ಒಂದು ಜಾತಿಯ ವಿಷಯದಲ್ಲಿ, ಒಂದು ತೀರದಲ್ಲಿ ಸತ್ಯವಾದುದನ್ನು ಎಲ್ಲ ಜೀವಿಗಳ ಮೇಲೂ ನಿಯಮವಾಗಿ ಹೇರುವುದು ಸಲ್ಲದೆಂಬುದು ಇದರಿಂದ ಸಿದ್ಧವಾಗುತ್ತದೆ.

ಲೆಕ್ಕಾಚಾರದ ಮಿತಿ ಇರುವುದು ಇಲ್ಲಿಯೇ. ನೂರರಲ್ಲಿ ಎಷ್ಟು ಉಳಿಯುತ್ತವೆಂಬುದು ಗುಂಪಿನ ಲಕ್ಷಣ. ನಡುಗುತ್ತ ಕುಳಿತಿರುವುದು ಗುಂಪಲ್ಲ, ಒಂದು ಜೀವ. ಪಂಚೇಂದ್ರಿಯಗಳುಳ್ಳ ಆ ತಿರ್ಯಂಚ ಜೀವಿಗೆ ತನ್ನ ಪ್ರಾಣ ಮನುಷ್ಯನಿಗೆ ತನ್ನ ಪ್ರಾಣವಿರುವಷ್ಟೇ ಪ್ರಿಯ. ಕೊನೆಯ ಬಲವನ್ನೆಲ್ಲ ಕೂಡಿಸಿ ಅದು ಕೊಕ್ಕಿನಿಂದ ಕುಕ್ಕಲೆತ್ನಿಸುವಾಗ ಬದುಕುವ ಬಯಕೆಯನ್ನಲ್ಲದೆ ಬೇರೇನನ್ನೂ ಸೂಚಿಸುತ್ತಿಲ್ಲ.

ಜೈನಾಚಾರ್ಯರು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿದ್ದಾರೆ. ಅಮೃತಚಂದ್ರಾಚಾರ್ಯರು ತಮ್ಮ ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ, ದುಃಖದಲ್ಲಿರುವ ಜೀವಿಯನ್ನು ಕೊಂದರೆ ಅದರ ದುಃಖ ಬೇಗ ತೀರುವುದೆಂಬ ಭಾವನೆಯಿಂದಲೂ ಕೊಲ್ಲಬಾರದೆಂದು ಸ್ಪಷ್ಟವಾಗಿ ನಿಷೇಧಿಸಿದ್ದಾರೆ. ಪ್ರಾಣವನ್ನು ತೆಗೆದಮಾತ್ರಕ್ಕೆ ಕರ್ಮದ ಉದಯ ತಪ್ಪುವುದಿಲ್ಲವೆಂಬುದು ಇದರ ತಾತ್ತ್ವಿಕ ಹಿನ್ನೆಲೆ. ಇಲ್ಲಿ ಸಲ್ಲೇಖನವನ್ನು ಉದಾಹರಿಸುವವರೂ ಇದ್ದಾರೆ. ಆದರೆ ಸಲ್ಲೇಖನವು ವಿವೇಕವುಳ್ಳ ಸಾಧಕನು ಕಷಾಯಗಳನ್ನು ಕ್ಷೀಣಗೊಳಿಸುತ್ತ ತಾನೇ ಸ್ವೀಕರಿಸುವ ವ್ರತ. ಮತ್ತೊಬ್ಬನು ಮೂಕಪ್ರಾಣಿಯ ಪರವಾಗಿ ಕೈಗೊಳ್ಳುವ ತೀರ್ಮಾನ ಅದಾಗಲಾರದು.

ಇದಕ್ಕೆ ಎದುರಾಗಿ ನಿಲ್ಲುವ ವಾದವೂ ಸಾಮಾನ್ಯವಾದುದಲ್ಲ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗುಣವಾಗದ ರೋಗದಿಂದ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿಯವರು ವೈದ್ಯರಿಂದ ಮದ್ದು ಕೊಡಿಸಿ ಮರಣವನ್ನುಂಟುಮಾಡಿದರು. ಅನೇಕ ಜೈನರು ಅದನ್ನು ಕಟುವಾಗಿ ಖಂಡಿಸಿದರು. ಗಾಂಧೀಜಿಯವರು ತಮ್ಮ ಕೃತ್ಯವನ್ನು ಸಮರ್ಥಿಸಿಕೊಂಡರಾದರೂ ಅದಕ್ಕೆ ಕಠಿಣ ಷರತ್ತುಗಳನ್ನು ವಿಧಿಸಿದರು: ರೋಗವು ವಾಸಿಯಾಗದಂಥದಾಗಿರಬೇಕು, ಎಲ್ಲರೂ ಆಸೆ ಬಿಟ್ಟಿರಬೇಕು, ಯಾವ ಸೇವೆಯೂ ಸಾಧ್ಯವಿರಬಾರದು, ತನ್ನ ಇಚ್ಛೆಯನ್ನು ತಿಳಿಸಲು ಆ ಜೀವಿಗೆ ಶಕ್ತಿಯಿರಬಾರದು. ಗಾಂಧೀಜಿಯವರ ನಿರ್ಣಯವನ್ನು ಒಪ್ಪದವರಿಗೂ ಈ ಷರತ್ತುಗಳು ಉಪಯುಕ್ತ. ಏಕೆಂದರೆ ‘ತೈಲ ಮೆತ್ತಿದ ಹಕ್ಕಿಗಳನ್ನೆಲ್ಲ ಕೊಲ್ಲಿರಿ’ ಎಂಬ ಸಾಮಾನ್ಯ ನಿಯಮವು ಈ ಒರೆಗಲ್ಲಿನ ಮೇಲೂ ನಿಲ್ಲಲಾರದು. ಪ್ರತಿಯೊಂದು ಜೀವಿಯನ್ನೂ ಪರೀಕ್ಷಿಸದೆ ‘ಸೇವೆ ಅಸಾಧ್ಯ’ವೆಂದು ಹೇಳಲು ಯಾರಿಗೂ ಅಧಿಕಾರವಿಲ್ಲ.

ಹಾಗೆಂದು ಹಿಡಿದ ಹಕ್ಕಿಗಳನ್ನೆಲ್ಲ ತೊಳೆಯಲೇಬೇಕೆಂಬುದೂ ಧರ್ಮವಲ್ಲ. ಅನುಭವಿಗಳಾದ ವೈದ್ಯರು ಹಕ್ಕಿಯನ್ನು ತಂದೊಡನೆ ತೊಳೆಯುವುದಿಲ್ಲ. ಮೊದಲು ಬೆಚ್ಚಗಿಟ್ಟು, ದ್ರವಾಹಾರ ಕೊಟ್ಟು, ಕತ್ತಲೆಯ ಶಾಂತವಾದ ಎಡೆಯಲ್ಲಿ ವಿಶ್ರಾಂತಿಗೆ ಬಿಡುತ್ತಾರೆ. ಬಲ ಬಂದ ಮೇಲಷ್ಟೇ ಸ್ನಾನ. ಉಳಿಯಲಾರದ ಹಕ್ಕಿಯನ್ನು ಜನ ನೋಡಿ ಮೆಚ್ಚಲೆಂದೋ, ತಪ್ಪಿತಸ್ಥರ ಲಜ್ಜೆ ತೊಳೆದುಹೋಗಲೆಂದೋ ಉಜ್ಜುವುದು ದಯೆಯ ವೇಷ ತೊಟ್ಟ ಹಿಂಸೆ. ‘ಈ ಯಾತನೆಯನ್ನು ನೋಡಲಾರೆ’ ಎಂದು ಅವಸರದಿಂದ ಅದನ್ನು ಮುಗಿಸುವುದೂ ನೋಡುವವನ ನೋವಿಗೆ ಮಾಡಿದ ಚಿಕಿತ್ಸೆಯಾದೀತು. ಎರಡರಲ್ಲಿಯೂ ಪರಿಶೀಲಿಸಬೇಕಾದುದು ಒಂದೇ: ಈ ಕ್ರಿಯೆ ಯಾರ ಹಿತಕ್ಕಾಗಿ?

ಗುಣಪಡಿಸುವುದಕ್ಕೂ ಕೊಲ್ಲುವುದಕ್ಕೂ ನಡುವೆ ಮೂರನೆಯದೊಂದು ದಾರಿಯಿದೆ. ಜೀವಂಧರನ ಕಥೆ ಅದನ್ನು ತೋರಿಸುತ್ತದೆ. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಬಳಿ ಕುಳಿತು ಅವನು ಪಂಚನಮಸ್ಕಾರ ಮಂತ್ರವನ್ನು ಅದರ ಕಿವಿಯಲ್ಲಿ ಹೇಳಿದನು. ಅದು ಶಾಂತಭಾವದಿಂದ ದೇಹವನ್ನು ಬಿಟ್ಟು ದೇವಗತಿಯನ್ನು ಪಡೆಯಿತು. ಉಳಿಸಲಾರದ ಜೀವಿಗೂ ಸಲ್ಲಿಸಬೇಕಾದ ಸೇವೆಯೊಂದಿದೆ. ಬೆಚ್ಚಗಿನ ಎಡೆ, ನೋವು ಶಮನಗೊಳಿಸುವ ಮದ್ದು, ಮೌನ, ಅಭಯ ಇವೇ ಆ ಸೇವೆ. ಎಲ್ಲ ಉಪಾಯಗಳೂ ಮುಗಿದ ಮೇಲೆ ಬೇರೆ ದಾರಿ ಕಾಣದೆ ಸೂಜಿ ಹಿಡಿಯುವ ವೈದ್ಯನನ್ನು ನಿಂದಿಸುವ ಅಗತ್ಯ ಶ್ರಾವಕನಿಗಿಲ್ಲ. ಆದರೆ ಆ ಕೃತ್ಯವನ್ನು ಧರ್ಮವೆಂದು ಸ್ಥಾಪಿಸಲು ಅವನು ಒಪ್ಪಲಾರನು.

ಕೊನೆಯದಾಗಿ, ಈ ಪ್ರಶ್ನೆ ಹುಟ್ಟಿದ ಎಡೆಗೇ ಹಿಂದಿರುಗಬೇಕು. ಪ್ರಮಾದದಿಂದಾಗುವ ಪ್ರಾಣಹಾನಿಯನ್ನೇ ಶಾಸ್ತ್ರವು ಹಿಂಸೆಯೆಂದು ಕರೆದಿದೆ. ಎಕ್ಸಾನ್ ವಾಲ್ಡೆಜ್ ಬಂಡೆಗೆ ತಾಗಿದಾಗ ನೌಕಾಧಿಪತಿ ಚಾಲನಾಸ್ಥಾನದಲ್ಲಿರಲಿಲ್ಲ, ಹೊಣೆ ಹೊತ್ತ ಕಿರಿಯ ಅಧಿಕಾರಿ ದಣಿದಿದ್ದನು, ಹಡಗಿಗೆ ಇದ್ದುದು ಒಂದೇ ಪದರದ ಹೊರಕವಚ. ತೈಲದ ಹಡಗುಗಳಿಗೆ ಎರಡು ಪದರದ ಕವಚವಿರಬೇಕೆಂಬ ಕಾನೂನನ್ನು ಅಮೆರಿಕ ಮಾಡಿದುದು 1990ರಲ್ಲಿ, ಅನಾಹುತದ ನಂತರ. ಭಾರತಕ್ಕೂ ಈ ಪಾಠ ದೂರದ್ದಲ್ಲ. 2023ರ ಡಿಸೆಂಬರಿನಲ್ಲಿ ಚೆನ್ನೈ ಬಳಿಯ ಎಣ್ಣೂರಿನ ಹಿನ್ನೀರಿಗೆ ತೈಲ ಸೇರಿ ಹೆಜ್ಜಾರ್ಲೆಗಳ ಗರಿಗಳು ಕಪ್ಪಾದವು. ಉರಿಯುವ ಪ್ರತಿಯೊಂದು ದೀಪ, ಓಡುವ ಪ್ರತಿಯೊಂದು ವಾಹನದ ಹಿಂದೆ ಇಂಥ ಅಪಾಯವನ್ನು ಹೊತ್ತ ಸಾಗಾಟವೊಂದಿರಬಹುದು. ಪರಿಗ್ರಹಪರಿಮಾಣವ್ರತಕ್ಕೂ ಕಡಲಹಕ್ಕಿಯ ಪ್ರಾಣಕ್ಕೂ ಇರುವ ನಂಟು ಇದೇ.

ಟ್ರೆಷರ್ ದುರಂತದ ವೇಳೆ ತೈಲ ತಾಗದ ಸುಮಾರು 19,500 ಪೆಂಗ್ವಿನ್‌ಗಳನ್ನು ಮೊದಲೇ ಹಿಡಿದು, ಲಾರಿಗಳಲ್ಲಿ ದೂರದ ಪೋರ್ಟ್ ಎಲಿಜಬೆತ್‌ಗೆ ಸಾಗಿಸಿ ಅಲ್ಲಿ ಬಿಡಲಾಯಿತು. ಅವು ನೂರಾರು ಕಿಲೋಮೀಟರ್ ಈಜಿ ತಮ್ಮ ದ್ವೀಪಗಳಿಗೆ ಮರಳುವಷ್ಟರಲ್ಲಿ ಅಲ್ಲಿನ ತೈಲವನ್ನು ತೆಗೆಯಲು ಕಾಲ ದೊರೆಯಿತು. ಈ ಹಕ್ಕಿಗಳ ವಿಷಯದಲ್ಲಿ ರಕ್ಷೆಯೋ ಮರಣವೋ ಎಂಬ ಪ್ರಶ್ನೆಯೇ ಏಳಲಿಲ್ಲ. ಆದರೂ ಆಹಾರದ ಮೀನು ವಿರಳವಾದುದೇ ಮೊದಲಾದ ಕಾರಣಗಳಿಂದ ಅದೇ ಪೆಂಗ್ವಿನ್ 2024ರಲ್ಲಿ ಅತ್ಯಂತ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿತು. ಒಮ್ಮೆ ರಕ್ಷಿಸಿದರೆ ಹೊಣೆ ತೀರುವುದಿಲ್ಲ. ಗಾಯವಾದ ಮೇಲೆ ತೋರುವ ದಯೆ ದೊಡ್ಡದು. ಗಾಯವಾಗದಂತೆ ಎಚ್ಚರದಿಂದ ನಡೆಯುವ ಅಪ್ರಮತ್ತತೆ ಅದಕ್ಕಿಂತ ದೊಡ್ಡದು. ಜೀವದಯೆಯುಳ್ಳ ಪ್ರತಿಯೊಬ್ಬರೂ ತಮ್ಮ ದಿನಚರಿಯಲ್ಲಿ ಇದಕ್ಕೆ ಎಷ್ಟು ಎಡೆಯಿದೆಯೆಂದು ಆಲೋಚಿಸಬೇಕಾಗಿದೆ.